ದೊಡ್ಡಮ್ಮನ ಹುಳಿ ಹುಲಿಯಾದ ಕಥೆ

ನೀವು ಈ ಬರಹವನ್ನು ಓದುತ್ತಿರಬಹುದು, ಅಥವಾ ಟ್ರಾಮಿನಲ್ಲಿ ನಿಂತುಕೊಂಡು ನನ್ನ ದನಿಯಲ್ಲೇ ಕೇಳುತ್ತಿರಬಹುದು. ಕೇಳುತ್ತಿದ್ದರೆ ಒಂದು ಸಣ್ಣ ಕೆಲಸ ಮಾಡಿ. ನಾನು ಈಗ ಎರಡು ಪದ ಹೇಳ್ತೀನಿ: ಹುಲಿ, ಹುಳಿ. ಎರಡೂ ಬೇರೆ ಬೇರೆಯಾಗಿ ಕೇಳಿಸಿತಾ? ಕೇಳಿಸಿದ್ದರೆ ನಾನು ಖರ್ಚು ಮಾಡಿದ 94 ಯೂರೊ ಸಾರ್ಥಕ. ಕೇಳಿಸದಿದ್ದರೆ, ತಪ್ಪು ನಿಮ್ಮ ಕಿವಿಯದೇ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ನನ್ನದೂ ಇರಬಹುದು. ಒಂದು ಸಲ ಹಾಗೇ ಆಗಿತ್ತು. ಇದು ಆ ಕಥೆ. ಜೊತೆಗೆ, ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಸ್ಟುಡಿಯೊ ಹೆಡ್‌ಫೋನ್ ಹುಡುಕಿದ ಕಥೆ ಕೂಡ.

ಹೋದ ವರ್ಷ ಜುಲೈನಲ್ಲಿ ಊರಿಗೆ ಹೋಗಿದ್ದೆ. ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಜುಲೈನಲ್ಲಿ ಅಲ್ಲಿ ಆಕಾಶಕ್ಕೆ ಮಳೆ ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ದೊಡ್ಡಮ್ಮನಿಗೆ 74 ವರ್ಷ, ಮಾತಿಗೆ ಕೂತರೆ ಸುಲಭಕ್ಕೆ ನಿಲ್ಲಿಸುವವರಲ್ಲ. ಜಗಲಿಯ ಮೇಲೆ ಸಣ್ಣ ರೆಕಾರ್ಡರ್ ಇಟ್ಟು ಮೂರು ಸಂಜೆ ಅವರನ್ನು ಮಾತಾಡಿಸಿದೆ. ವಿಷಯ, ಅವರ ಕಾಲದ ಮದುವೆಮನೆ ಅಡುಗೆ. ಚಪ್ಪರದ ಪಕ್ಕದಲ್ಲಿ ಒಲೆ ಹೂಡುವುದು, ರಾತ್ರಿಯೆಲ್ಲ ಕೂತು ತೆಂಗಿನಕಾಯಿ ತುರಿಯುವುದು, ನೂರಾರು ಜನಕ್ಕೆ ಹುಳಿ ಮಾಡುವುದು. ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮ ಕಡೆ ಹುಳಿ ಅಂದರೆ ಬರೀ ಒಂದು ರುಚಿಯ ಹೆಸರಲ್ಲ. ಬೇಳೆ, ತರಕಾರಿ, ಹುಣಸೆಹಣ್ಣು, ರುಬ್ಬಿದ ಮಸಾಲೆ ಹಾಕಿ ಮಾಡುವ, ಸಾಂಬಾರಿಗೆ ಹತ್ತಿರದ ಪದಾರ್ಥ.

ಕಲೋನಿಗೆ ವಾಪಸ್ ಬಂದ ಮೇಲೆ ಎಡಿಟಿಂಗ್ ಶುರುಮಾಡಿದೆ. ನಾನಿರೋದು ನಿಪ್ಪೆಸ್ ಬಡಾವಣೆಯಲ್ಲಿ, ಮೂರನೇ ಮಹಡಿ, ತೆಳು ಗೋಡೆಯ ಹಳೇ ಮನೆ. ಹಗಲು ಒಂದು ವಿಮಾ ಕಂಪನಿಯಲ್ಲಿ ಡೇಟಾ ಸೈಂಟಿಸ್ಟ್ ಕೆಲಸ. ಪಾಡ್‌ಕಾಸ್ಟ್ ಏನಿದ್ದರೂ ರಾತ್ರಿ. ಜರ್ಮನಿಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು ಅನ್ನೋದು ನಿಮಗೂ ಗೊತ್ತಿರುತ್ತೆ. ಹಾಗಾಗಿ ಸ್ಪೀಕರ್ ಮಾತೇ ಇಲ್ಲ. ಇದ್ದಿದ್ದು ಆಫೀಸಿನ ಮೀಟಿಂಗಿಗೆ ಅಂತ ತಗೊಂಡಿದ್ದ ಒಂದು ಬ್ಲೂಟೂತ್ ಹೆಡ್‌ಫೋನ್. ಬೆಲೆ ಕಡಿಮೆಯದೇನೂ ಅಲ್ಲ, ಹಾಡು ಕೇಳೋಕೆ ಚೆನ್ನಾಗಿಯೇ ಇತ್ತು.

ಅದನ್ನು ಹಾಕಿಕೊಂಡು ದೊಡ್ಡಮ್ಮನ ಮಾತು ಕೇಳಿದೆ. ಎರಡು ತೊಂದರೆ ಕಂಡವು. ಒಂದು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು. ಇನ್ನೊಂದು, ಅವರ ದನಿ ಕಿವಿಗೆ ಚುಚ್ಚಿದ ಹಾಗಿತ್ತು. ಮಳೆಗೆ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ ಹಾಕಿದೆ. ಚುಚ್ಚುವುದಕ್ಕೆ ಈಕ್ವಲೈಜರಿನಲ್ಲಿ ಎರಡೂವರೆ ಸಾವಿರ ಹರ್ಟ್ಜ್ ಆಸುಪಾಸು ತಗ್ಗಿಸಿದೆ. ಆಮೇಲೆ ಕೇಳಿದರೆ ದನಿ ಬೆಣ್ಣೆ ಹಾಗಿತ್ತು. ಖುಷಿಯಾಗಿ ಕಂತನ್ನು ಪ್ರಕಟಿಸಿ ಮಲಗಿದೆ.

ಮೊದಲ ದೂರು ದೊಡ್ಡಮ್ಮನದೇ. ಅವರ ಮೊಮ್ಮಗ ಫೋನಿನಲ್ಲಿ ಕೇಳಿಸಿದನಂತೆ. "ಎಂಥದೋ ಮಾರಾಯ ಇದು? ನನ್ನ ಹಲ್ಲು ಸೆಟ್ಟು ತೆಗೆದಿಟ್ಟು ಮಾತಾಡಿದ ಹಾಗೆ ಕೇಳ್ತದೆ!" ಅಂದರು. ನಾನು ನಕ್ಕು ಸುಮ್ಮನಾದೆ. ತಮ್ಮ ದನಿಯನ್ನು ರೆಕಾರ್ಡಿಂಗಿನಲ್ಲಿ ಕೇಳಿದಾಗ ಎಲ್ಲರಿಗೂ ಹಾಗೇ ಅನ್ಸುತ್ತೆ ಅಂತ ಸಮಾಧಾನ ಹೇಳಿದೆ.

ಎರಡನೆಯ ದೂರು ದೂರಿನ ಹಾಗೆ ಬರಲಿಲ್ಲ, ಪ್ರಶ್ನೆಯ ಹಾಗೆ ಬಂತು. ಶನಿವಾರ ನಮ್ಮ ಮನೆಯಲ್ಲಿ ನಾಲ್ಕೈದು ಮಕ್ಕಳು ಕನ್ನಡ ಕಲಿಯೋಕೆ ಸೇರ್ತಾರೆ. ಎಲ್ಲರೂ ಇಲ್ಲೇ ಹುಟ್ಟಿದವರು. ಆ ವಾರ ದೊಡ್ಡಮ್ಮನ ಕಂತನ್ನು ಹಾಕಿ, ಕೇಳಿ ಏನು ಅರ್ಥವಾಯ್ತು ಹೇಳಿ ಅಂದೆ. ಎಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಾಮಾ, ಮದುವೆಯಲ್ಲಿ ಹುಲಿ ಮಾಡ್ತಿದ್ರಾ? ಟೈಗರ್? ತಿನ್ನೋಕೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಾನು ಹೇಳಿ ತೋರಿಸಿದೆ: ಹುಲಿ ಅಲ್ಲ ಪುಟ್ಟಿ, ಹುಳಿ. ಅವಳು ಮತ್ತೆ ಕಂತು ಹಾಕಿಸಿ ಕೇಳಿದಳು. "ಇಲ್ಲ ಮಾಮಾ, ಅಜ್ಜಿ ಹುಲಿ ಅಂತಾನೇ ಹೇಳ್ತಿದ್ದಾರೆ" ಅಂದಳು. ನಾನೂ ಮತ್ತೆ ಕೇಳಿದೆ, ಅಡುಗೆಮನೆಯ ಸಣ್ಣ ಸ್ಪೀಕರಿನಲ್ಲಿ. ಹುಡುಗಿ ಹೇಳಿದ್ದು ಸರಿ. ಅದು ಹುಳಿ ಅಂತ ನನಗೆ ಕೇಳಿಸ್ತಿದ್ದದ್ದು, ಅದು ಹುಳಿ ಅಂತ ನನಗೆ ಮೊದಲೇ ಗೊತ್ತಿದ್ದುದರಿಂದ. ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಇದ್ದಿದ್ದು ನಾನು ಕೊಟ್ಟ ಸದ್ದು ಮಾತ್ರ.

ನಗು ಅಲ್ಲಿಗೆ ನಿಂತಿತು.

ಒಂದು ಅಕ್ಷರ ಎಲ್ಲಿ ಕಳೆದುಹೋಗುತ್ತೆ?

ಸ್ವಲ್ಪ ವಿಜ್ಞಾನ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಲ ಹೇಳುವಾಗ ನಾಲಿಗೆ ತುದಿ ಹಲ್ಲಿನ ಹಿಂದೆ ತಾಗುತ್ತೆ. ಳ ಹೇಳುವಾಗ ನಾಲಿಗೆ ಮೇಲಕ್ಕೆ, ಹಿಂದಕ್ಕೆ ಮಡಚಿಕೊಳ್ಳುತ್ತೆ. ಬಾಯೊಳಗಿನ ಜಾಗದ ಆಕಾರ ಬದಲಾದ ಕೂಡಲೇ ದನಿಯ ಅನುರಣನಗಳೂ ಬದಲಾಗುತ್ತವೆ. ಮುಖ್ಯವಾಗಿ ಕೆಳಗಿನಿಂದ ಎಣಿಸಿದರೆ ಮೂರನೆಯ ಅನುರಣನ, ಳ ಬಂದಾಗ ಕೆಳಗೆ ಇಳಿಯುತ್ತೆ. ಇದೆಲ್ಲ ನಡೆಯೋದು ಸುಮಾರು ಎರಡರಿಂದ ಮೂರು ಸಾವಿರ ಹರ್ಟ್ಜ್ ಆಸುಪಾಸಿನಲ್ಲಿ. ನ ಮತ್ತು ಣ, ತ ಮತ್ತು ಟ, ಇವುಗಳ ಗುರುತಿಗೂ ಆ ಜಾಗ ಬೇಕು. ನಾನು ಈಕ್ವಲೈಜರ್ ಇಟ್ಟು ತಗ್ಗಿಸಿದ್ದು ಅದೇ ಜಾಗ.

ಅಂದು ರಾತ್ರಿ ಮೂಲ ಕಡತವನ್ನೂ ಪ್ರಕಟವಾದದ್ದನ್ನೂ ಪಕ್ಕಪಕ್ಕ ಇಟ್ಟು ಗ್ರಾಫ್ ಮಾಡಿದೆ. ಅದೇ ತಾನೇ ನನ್ನ ಹೊಟ್ಟೆಪಾಡಿನ ಕೆಲಸ. ನೋಡಿ ನಾಚಿಕೆ ಆಯ್ತು. ನಾನು ಕೈಯಾರೆ 7 ಡೆಸಿಬಲ್ ತಗ್ಗಿಸಿದ್ದೆ. ಅದರ ಮೇಲೆ ನಾಯ್ಸ್ ರಿಡಕ್ಷನ್ ಇನ್ನಷ್ಟು ತಿಂದಿತ್ತು. ಈ ಸಾಫ್ಟ್‌ವೇರ್ ಕೆಲಸ ಮಾಡೋದು ಹೀಗೆ: ಮಾತಿಲ್ಲದ ಕಡೆಯ ಸದ್ದಿನ ಒಂದು ಮಾದರಿ ತಗೊಳ್ಳುತ್ತೆ, ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಅಂತ ಲೆಕ್ಕ ಹಾಕುತ್ತೆ, ಆಮೇಲೆ ಇಡೀ ರೆಕಾರ್ಡಿಂಗಿನಿಂದ ಅಷ್ಟನ್ನು ಕಳೆಯುತ್ತೆ. ಫ್ಯಾನಿನ ಹಮ್ ಆದರೆ ಪರವಾಗಿಲ್ಲ, ಅದು ಬಹುಪಾಲು ಕೆಳಗಡೆ ಇರುತ್ತೆ. ಮಳೆ ಹಾಗಲ್ಲ. ಅದು ಕೆಳಗಿನಿಂದ ಮೇಲಿನವರೆಗೆ ಹರಡಿಕೊಂಡಿರುತ್ತೆ, ವ್ಯಂಜನಗಳು ಇರುವ ಜಾಗದಲ್ಲೇ ಇರುತ್ತೆ. ಮಳೆಯನ್ನು ಒರೆಸಲು ಹೋಗಿ ಅಕ್ಷರವನ್ನೂ ಒರೆಸಿದ್ದೆ.

ಹಾಗಾದರೆ ದನಿ ಚುಚ್ಚಿದ್ದು ಯಾಕೆ? ನನ್ನ ಹೆಡ್‌ಫೋನ್ ಮಾದರಿಯ ಅಳತೆಗಳನ್ನು ಹುಡುಕಿ ನೋಡಿದೆ. ಸರಿಯಾಗಿ ಅಲ್ಲೇ, ಎರಡೂವರೆ ಸಾವಿರದ ಹತ್ತಿರ, ಒಂದು ಉಬ್ಬು. ಚುಚ್ಚಿದ್ದು ದೊಡ್ಡಮ್ಮನ ದನಿಯಲ್ಲ, ನನ್ನ ಕಿವಿಯ ಮೇಲಿದ್ದ ಪೆಟ್ಟಿಗೆ. ಕನ್ನಡಕದ ಮೇಲೆ ಕೊಳೆ ಇದ್ದರೆ ಗೋಡೆ ಉಜ್ಜಿದ ಹಾಗಾಗಿತ್ತು ನನ್ನ ಕಥೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಗೊತ್ತಲ್ಲ? ಇಲ್ಲಿ ನೆಲ ನೆಟ್ಟಗೇ ಇತ್ತು.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು ಅಂತ ನೀವು ಕೇಳಬಹುದು. ಒಂದು ಅಕ್ಷರ ತಾನೇ. ನಾನೂ ಹಾಗೆ ಅಂದುಕೊಂಡೆ, ಎರಡು ದಿನ. ಆದರೆ ಆ ಹುಡುಗಿ ಮುಂದಿನ ಶನಿವಾರವೂ ಹುಳಿಗೆ ಹುಲಿ ಅಂದಳು, ಹಾಳಿಗೆ ಹಾಲು ಅಂದಳು, ಬಳೆಗೆ ಬಲೆ ಅಂದಳು. ಜರ್ಮನ್ ಭಾಷೆಯಲ್ಲಿ ಳ ಇಲ್ಲ. ಶಾಲೆಯಲ್ಲಿ ಕೇಳೋದು ಬರೀ ಲ. ತೀರ್ಥಹಳ್ಳಿಯಲ್ಲಿ ಬೆಳೆಯುವ ಮಗುವಿಗೆ ಒಬ್ಬರು ಅಸ್ಪಷ್ಟವಾಗಿ ಹೇಳಿದರೆ ನೂರು ಜನ ಸ್ಪಷ್ಟವಾಗಿ ಹೇಳುವವರು ಇರ್ತಾರೆ. ಅಂಗಡಿಯವರು, ಟೀಚರು, ಬಸ್ ಕಂಡಕ್ಟರು, ಜಗಳ ಮಾಡುವ ಪಕ್ಕದ ಮನೆಯವರು. ಕಲೋನಿನ ಮಗುವಿಗೆ ಅಪ್ಪ, ಅಮ್ಮ, ಮತ್ತು ಇಂಥ ನಾಲ್ಕು ರೆಕಾರ್ಡಿಂಗು. ಆ ನಾಲ್ಕರಲ್ಲಿ ಒಂದನ್ನು ನಾನು ಕೆಡಿಸಿದ್ದೆ.

ಇದಕ್ಕೆ ಒಂದು ಹಳೆಯ, ಪ್ರಸಿದ್ಧ ಪ್ರಯೋಗ ಇದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಹೆಚ್ಚು ಕಡಿಮೆ ಹೋಗಿಬಿಟ್ಟಿತ್ತು. ಸುತ್ತ ಕೇಳಿಸದ ಭೇದವನ್ನು ಕಿವಿ ಬಿಟ್ಟುಕೊಡುತ್ತೆ. ನೀವು ಎರಡನೇ ತಲೆಮಾರಿನವರಾಗಿದ್ದು, ಳ ಯಾಕೋ ಸಿಗಲ್ಲ ಅಂತ ಬೇಜಾರು ಮಾಡ್ಕೊಂಡಿದ್ದರೆ, ಅದು ನಿಮ್ಮ ಸೋಮಾರಿತನ ಅಲ್ಲ. ಒಳ್ಳೆಯ ಸುದ್ದಿಯೂ ಇದೆ. 1991ರಲ್ಲಿ ಲೋಗನ್, ಲೈವ್ಲಿ, ಪಿಸೋನಿ ಎಂಬ ಸಂಶೋಧಕರು ಜಪಾನಿ ಭಾಷಿಕರಾದ ದೊಡ್ಡವರಿಗೆ ಇಂಗ್ಲಿಷಿನ ರ ಮತ್ತು ಲ ಬೇರೆ ಮಾಡಿ ಕೇಳುವುದನ್ನು ಕಲಿಸಿದರು. ಬೇರೆ ಬೇರೆ ಜನರ ದನಿಯಲ್ಲಿ, ಬೇರೆ ಬೇರೆ ಪದಗಳಲ್ಲಿ ಕೇಳಿಸುತ್ತಾ ಹೋದಾಗ ಅವರ ಕಿವಿ ಸುಧಾರಿಸಿತು. ಅಂದರೆ ದಾರಿ ಇದೆ. ಆದರೆ ಆ ದನಿಗಳಲ್ಲಿ ಭೇದ ಇರಬೇಕಲ್ಲ?

ನನ್ನದೇ ಉದಾಹರಣೆ ಕೇಳಿ. ಆಖೆನ್‌ನಲ್ಲಿ ಮಾಸ್ಟರ್ಸ್ ಮಾಡುವಾಗ ಎರಡು ವರ್ಷ ನಾನು ‘ಆಗಲೇ’ ಅನ್ನುವ ಜರ್ಮನ್ ಪದಕ್ಕೂ ‘ಸುಂದರ’ ಅನ್ನುವ ಪದಕ್ಕೂ ಒಂದೇ ಉಚ್ಚಾರ ಮಾಡ್ತಿದ್ದೆ. ನಮ್ಮ ಲಿಪಿಯಲ್ಲಿ ಎರಡನ್ನೂ ಶೋನ್ ಅಂತಲೇ ಬರೀಬೇಕು. "ಕೆಲಸ ಸುಂದರ ಮುಗಿಸಿದ್ದೀನಿ" ಅಂತ ಪ್ರೊಫೆಸರಿಗೆ ಎಷ್ಟು ಸಲ ಹೇಳಿದ್ದೀನೋ ದೇವರಿಗೇ ಗೊತ್ತು. ಕಿವಿಗೆ ಸಿಗದ್ದು ನಾಲಿಗೆಗೂ ಸಿಗಲ್ಲ.

ಹದಿನಾಲ್ಕು ಹೆಡ್‌ಫೋನು, ಒಂದು ಸ್ಪ್ರೆಡ್‌ಶೀಟು

ಹೊಸ ಹೆಡ್‌ಫೋನ್ ಬೇಕು ಅಂತ ತೀರ್ಮಾನಿಸಿದೆ. ಮಿತಿ 150 ಯೂರೊ, ಅದಕ್ಕಿಂತ ಹೆಚ್ಚಾದರೆ ಮನೆಯಲ್ಲಿ ವಿವರಣೆ ಕೊಡಬೇಕಾಗುತ್ತೆ. ಡೇಟಾ ಸೈಂಟಿಸ್ಟ್ ಏನು ಮಾಡ್ತಾನೆ? ಸ್ಪ್ರೆಡ್‌ಶೀಟ್ ಮಾಡ್ತಾನೆ. ಹದಿನಾಲ್ಕು ಮಾದರಿ, ಒಂಬತ್ತು ಕಾಲಂ, ಪ್ರತಿಯೊಂದಕ್ಕೂ ಅಂಕ. ಮೂರು ವಾರ ಕಳೆದವು. ಕೊನೆಗೆ ಮೊದಲ ಸ್ಥಾನಕ್ಕೂ ಎಂಟನೇ ಸ್ಥಾನಕ್ಕೂ ನಡುವೆ ಇದ್ದದ್ದು ಅರ್ಧ ಅಂಕ. ಆ ಶೀಟಿನಿಂದ ನಿಮಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಮಾತ್ರ ಹೇಳ್ತೀನಿ.

ಮೊದಲನೆಯದು, ತಂತಿ ಇರಲಿ. ಬ್ಲೂಟೂತ್ ದನಿಯನ್ನು ಕುಗ್ಗಿಸಿ ಕಳಿಸುತ್ತೆ, ತಡವಾಗಿಯೂ ಕಳಿಸುತ್ತೆ. ಅದಕ್ಕಿಂತ ಮುಖ್ಯ, ಬ್ಲೂಟೂತ್ ಹೆಡ್‌ಫೋನಿನ ಮೈಕನ್ನೇ ಬಳಸಿದರೆ ಅದು ಸಾಮಾನ್ಯವಾಗಿ ಫೋನ್ ಕರೆಯ ಸ್ಥಿತಿಗೆ ಹೋಗುತ್ತೆ. ಹಳೆಯ ವಿಧಾನದಲ್ಲಿ ಆಗ ಸೆಕೆಂಡಿಗೆ 8,000 ಸ್ಯಾಂಪಲ್. ಅಂದರೆ 4,000 ಹರ್ಟ್ಜ್ ಮೇಲಿನದು ಏನೂ ಉಳಿಯಲ್ಲ. ಸ ಅಕ್ಷರದ ಹೆಚ್ಚಿನ ಶಕ್ತಿ ಇರೋದೇ ಅದರ ಮೇಲೆ. ಜೂಮಿನಲ್ಲಿ ಅಜ್ಜಿಯ ಸಂದರ್ಶನ ಮಾಡುವವರೇ, ದಯವಿಟ್ಟು ಇದನ್ನು ನೆನಪಿಡಿ.

ಎರಡನೆಯದು, ಮುಚ್ಚಿದ್ದೋ ತೆರೆದದ್ದೋ. ಕ್ಲೋಸ್ಡ್ ಬ್ಯಾಕ್ ಅಂದರೆ ಬಟ್ಟಲಿನ ಹಿಂಭಾಗ ಮುಚ್ಚಿರುತ್ತೆ, ಹೊರಗಿನ ಸದ್ದು ಒಳಗೆ ಬರುವುದು ಕಡಿಮೆ, ಒಳಗಿನದು ಮೈಕಿಗೆ ಸೋರುವುದೂ ಕಡಿಮೆ. ಓಪನ್ ಬ್ಯಾಕ್ ಅಂದರೆ ಹಿಂಭಾಗ ಜಾಲರಿ. ದನಿ ಸಹಜವಾಗಿ, ತಲೆಯ ಹೊರಗಿನಿಂದ ಬಂದ ಹಾಗೆ ಕೇಳುತ್ತೆ, ಆದರೆ ಎಲ್ಲ ಸೋರುತ್ತೆ. ತೆರೆದ ಹೆಡ್‌ಫೋನನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಜೆನ್‌ಹೈಸರ್, 1968ರಲ್ಲಿ, ಎಚ್‌ಡಿ 414 ಅಂತ, ಹಳದಿ ಸ್ಪಂಜಿನ ಪ್ಯಾಡಿನದ್ದು. ನಿಮ್ಮದು ಮೌನವಾದ ಕೋಣೆಯಾಗಿದ್ದು, ಎಡಿಟಿಂಗ್ ಮಾತ್ರ ಮಾಡ್ತೀರಾದರೆ ಓಪನ್ ತಗೊಳ್ಳಿ. ಕಿಟಕಿ ಕೆಳಗೆ ಟ್ರಾಮ್ ಓಡ್ತಿದ್ದರೆ, ಅಥವಾ ಮೈಕ್ ಮುಂದೆ ಹಾಕಿಕೊಳ್ಳುವುದಿದ್ದರೆ, ಕ್ಲೋಸ್ಡ್ ಸಾಕು.

ಮೂರನೆಯದು, ಓಮ್. ಹೆಡ್‌ಫೋನ್ ಪೆಟ್ಟಿಗೆಯ ಮೇಲೆ 32, 80, 250 ಅಂತ ಬರೆದಿರುತ್ತೆ. ಹೆಚ್ಚು ಓಮ್ ಇದ್ದರೆ ಹೆಚ್ಚು ಒಳ್ಳೆಯದು ಅಂತ ಅಲ್ಲ. ಲೆಕ್ಕಕ್ಕೆ ನಿಮ್ಮ ಫೋನು ಅಥವಾ ಲ್ಯಾಪ್‌ಟಾಪು ಒಂದು ವೋಲ್ಟ್ ಕೊಡುತ್ತೆ ಅಂತ ಇಟ್ಕೊಳ್ಳಿ. 32 ಓಮಿಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತೆ. 80ಕ್ಕೆ ಹನ್ನೆರಡೂವರೆ. 250ಕ್ಕೆ ಬರೀ ನಾಲ್ಕು. ಅಂದರೆ 250 ಓಮಿನದನ್ನು ಫೋನಿಗೆ ಸಿಕ್ಕಿಸಿದರೆ ದನಿ ಕ್ಷೀಣ. ಆಡಿಯೊ ಇಂಟರ್‌ಫೇಸ್ ಇಲ್ಲದವರು 32ರಿಂದ 80ರೊಳಗೆ ಇರಿ.

ನಾಲ್ಕನೆಯದು, ರಿಪೇರಿ. ಹೆಡ್‌ಫೋನಿನಲ್ಲಿ ಮೊದಲು ಹಾಳಾಗೋದು ಸಾಮಾನ್ಯವಾಗಿ ಕಿವಿಯ ಪ್ಯಾಡು, ಆಮೇಲೆ ಕೇಬಲ್ಲು. ಅವು ಬಿಡಿಯಾಗಿ ಸಿಗುತ್ತವಾ ಅಂತ ಕೊಳ್ಳುವ ಮೊದಲೇ ನೋಡಿ.

ಇನ್ನು ಹೆಸರುಗಳು. ತೈವಾನಿನ ಸೂಪರ್‌ಲಕ್ಸ್ ಎಚ್‌ಡಿ 681 ಸುಮಾರು 30 ಯೂರೊಗೆ ಸಿಗುತ್ತೆ, ಅರ್ಧ ತೆರೆದದ್ದು. ಎಕೆಜಿ ಕೆ 72 ಮುಚ್ಚಿದ್ದು, 40ರ ಆಸುಪಾಸು. ನೂರರ ಹತ್ತಿರ ಬಂದರೆ ಆಡಿಯೊ ಟೆಕ್ನಿಕಾ ಎಂ 40 ಎಕ್ಸ್ ಇದೆ, ಕೇಬಲ್ ಕಳಚಬಹುದು. ಜೆನ್‌ಹೈಸರ್ ಎಚ್‌ಡಿ 280 ಪ್ರೊ ಇದೆ, ಹೊರಗಿನ ಸದ್ದು ಚೆನ್ನಾಗಿ ತಡೆಯುತ್ತೆ, ತಲೆಯನ್ನು ಸ್ವಲ್ಪ ಬಿಗಿಯಾಗಿ ಹಿಡಿಯುತ್ತೆ. ಸೋನಿ ಎಂಡಿಆರ್ 7506 ಇದೆ, 1991ರಿಂದ ರೇಡಿಯೊ, ಸಿನಿಮಾ ಧ್ವನಿಮುದ್ರಣದವರ ಕಿವಿ ಮೇಲೆ ಇರುವಂಥದ್ದು. ಅದರ ಸ್ವಲ್ಪ ಮೇಲೆ ಬೈಯರ್‌ಡೈನಾಮಿಕ್ ಡಿಟಿ 770 ಪ್ರೊ. ಈ ಕಂಪನಿಯನ್ನು 1924ರಲ್ಲಿ ಬರ್ಲಿನ್ನಿನಲ್ಲಿ ಯೂಜೆನ್ ಬೈಯರ್ ಶುರುಮಾಡಿದ್ದು, ಯುದ್ಧದ ನಂತರ ಹೈಲ್‌ಬ್ರಾನ್ ಊರಿಗೆ ಬಂತು. 1937ರಲ್ಲಿ ಬಂದ ಅವರ ಡಿಟಿ 48 ಡೈನಾಮಿಕ್ ಹೆಡ್‌ಫೋನುಗಳ ಹಿರಿಯಜ್ಜ. 770ರ ಪ್ಯಾಡು ಮಖಮಲ್ಲಿನದು, ಬಿಡಿಭಾಗಗಳೆಲ್ಲ ಸಿಗುತ್ತವೆ. ಒಂದೇ ಎಚ್ಚರಿಕೆ: ಮೇಲಿನ ಸ್ವರಗಳು ಸ್ವಲ್ಪ ಚೂಪು, ಸ, ಶ ಇರುವುದಕ್ಕಿಂತ ಹರಿತವಾಗಿ ಕೇಳುತ್ತವೆ. ಬೆಲೆಗಳೆಲ್ಲ ನಾನು ನೋಡಿದ ತಿಂಗಳಿನವು. ನೀವು ನೋಡುವಾಗ ಬದಲಾಗಿರುತ್ತವೆ.

ಕಾಲ್ಕ್‌ನಲ್ಲಿ ಒಂದು ಮಧ್ಯಾಹ್ನ

ಶೀಟು ಮುಚ್ಚಿ ಅಂಗಡಿಗೆ ಹೋದೆ. ಕಲೋನಿನ ಕಾಲ್ಕ್ ಬಡಾವಣೆಯಲ್ಲಿ ಮ್ಯೂಸಿಕ್ ಸ್ಟೋರ್ ಅಂತ ಒಂದು ದೊಡ್ಡ ಅಂಗಡಿ ಇದೆ. ವಾದ್ಯಗಳಿಂದ ಮೈಕಿನವರೆಗೆ ಎಲ್ಲ ಸಿಗುತ್ತೆ. ಹೋಗುವ ಮೊದಲು ಒಂದು ಕೆಲಸ ಮಾಡಿದೆ, ನೀವೂ ಮಾಡಿ. ದೊಡ್ಡಮ್ಮನ ಮೂಲ ರೆಕಾರ್ಡಿಂಗಿನಿಂದ ಒಂದೂವರೆ ನಿಮಿಷ ಕತ್ತರಿಸಿ ಫೋನಿಗೆ ಹಾಕಿಕೊಂಡೆ. ಯಾವ ಫಿಲ್ಟರೂ ಇಲ್ಲದ್ದು. ಅದರ ಕೊನೆಗೆ ನನ್ನ ದನಿಯಲ್ಲಿ ಜೋಡಿ ಪದಗಳು: ಹುಲಿ, ಹುಳಿ. ಹಾಲು, ಹಾಳು. ಕಾಲು, ಕಾಳು. ಮನೆ, ಮಣೆ. ಅದೇ ಪದಗಳನ್ನು ಹಿಂದು ಮುಂದು ಮಾಡಿ ಇನ್ನೊಂದು ಸಲ. ಜೊತೆಗೆ ಯುಎಸ್‌ಬಿ-ಸಿ ಅಡಾಪ್ಟರ್, ಯಾಕಂದ್ರೆ ಈಗಿನ ಫೋನುಗಳಲ್ಲಿ ಜ್ಯಾಕ್ ಇಲ್ಲವಲ್ಲ.

ಹೆಚ್ಚಿನವರು ತಮಗಿಷ್ಟವಾದ ಹಾಡು ಹಾಕಿ ನೋಡ್ತಾರೆ. ಹಾಡಿನಲ್ಲಿ ಯಾವುದೂ ಚೆನ್ನಾಗೇ ಕೇಳುತ್ತೆ. ನೀವು ಎಡಿಟ್ ಮಾಡೋದು ಮಾತು ಅಂದರೆ, ಮಾತನ್ನೇ ಹಾಕಿ ಕೇಳಿ, ಅದೂ ನಿಮಗೆ ನೇರವಾಗಿ ಪರಿಚಯ ಇರುವವರ ಮಾತು. ದೊಡ್ಡಮ್ಮ ಎದುರಿಗೆ ಕೂತು ಹೇಗೆ ಮಾತಾಡ್ತಾರೆ ಅಂತ ನನಗೆ ಮೂವತ್ತು ವರ್ಷದಿಂದ ಗೊತ್ತು. ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಆರು ಹೆಡ್‌ಫೋನ್ ಹಾಕಿ ಕೇಳಿದೆ. ಫಲಿತಾಂಶ ನನ್ನ ಮೂರು ವಾರದ ಶ್ರಮಕ್ಕೆ ಅವಮಾನ ಮಾಡುವ ಹಾಗಿತ್ತು: ಆರರಲ್ಲೂ ಳ ಸ್ಪಷ್ಟ. ಅತಿ ಅಗ್ಗದ್ದರಲ್ಲೂ ಹುಳಿ ಹುಳಿಯೇ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಒಂದು ಕಿವಿ ಒತ್ತುತ್ತಿತ್ತು, ಒಂದರಲ್ಲಿ ದನಿ ಡಬ್ಬದೊಳಗಿನಿಂದ ಬಂದ ಹಾಗಿತ್ತು, ಒಂದರಲ್ಲಿ ಸ ಚೂಪು, ಒಂದರ ಪ್ಯಾಡಿನಲ್ಲಿ ಹತ್ತು ನಿಮಿಷಕ್ಕೇ ಬೆವರು. ಆದರೆ ಅಕ್ಷರವನ್ನು ಯಾವುದೂ ನುಂಗಲಿಲ್ಲ. ನುಂಗಿದ್ದು ನಾನು. ನನ್ನ ಹಳೆಯ ಹೆಡ್‌ಫೋನ್ ನನಗೆ ಸುಳ್ಳು ಹೇಳಿತ್ತು ನಿಜ. ಆ ಸುಳ್ಳನ್ನು ನಂಬಿ ಕತ್ತರಿ ಹಿಡಿದದ್ದು ನನ್ನ ಕೈ.

ಅಲ್ಲಿಂದ ಊರ ಮಧ್ಯಕ್ಕೆ ಬಂದು ಕೆಥೆಡ್ರಲ್ ಹತ್ತಿರ ನಡೆಯುವಾಗ ವಾಲ್ರಾಫ್ ಚೌಕದಲ್ಲಿ ಪಶ್ಚಿಮ ಜರ್ಮನ್ ರೇಡಿಯೊ ಕಟ್ಟಡ ಕಾಣಿಸಿತು. ದಿನಾ ನೋಡುವ ಕಟ್ಟಡವೇ. ಕಲೋನಿನ ಈ ರೇಡಿಯೊ ಸಂಸ್ಥೆಯಲ್ಲೇ 1950ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪ್ರಸಿದ್ಧ ಸ್ಟುಡಿಯೊ ಬೆಳೆದದ್ದು. ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸೆನ್ ಎಂಬ ಸಂಗೀತಗಾರ ಪಕ್ಕದ ಬಾನ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮೈಯರ್ ಎಪ್ಲರ್ ಅವರ ಬಳಿ ಧ್ವನಿವಿಜ್ಞಾನ ಕಲಿತರು. ಹನ್ನೆರಡು ವರ್ಷದ ಒಬ್ಬ ಹುಡುಗನ ದನಿಯನ್ನು ಟೇಪಿನಲ್ಲಿ ಹಿಡಿದು, ತುಂಡು ಮಾಡಿ, ಎಲೆಕ್ಟ್ರಾನಿಕ್ ಸದ್ದಿನ ಜೊತೆ ಹೊಲಿದು 1956ರಲ್ಲಿ ‘ಗೆಸಾಂಗ್ ಡೆರ್ ಯುಂಗ್ಲಿಂಗೆ’ ಎಂಬ ಕೃತಿ ಮಾಡಿದರು. ಸ್ವರಗಳು ನಾದದ ಕಡೆಗೆ, ವ್ಯಂಜನಗಳು ಗದ್ದಲದ ಕಡೆಗೆ ಅನ್ನೋದು ಅದರ ಹಿಂದಿನ ಯೋಚನೆ. ಮಾತು ಪೂರ್ತಿ ಅರ್ಥವಾಗುವುದರಿಂದ ಏನೂ ಅರ್ಥವಾಗದವರೆಗೆ ಎಷ್ಟು ಮೆಟ್ಟಿಲಿದೆ ಅಂತ ಅವರು ಅಳೆದು ಅಳೆದು ಕೆಲಸ ಮಾಡಿದ್ದರು. ನಾನೂ ಅದೇ ಊರಿನಲ್ಲಿ ಒಬ್ಬರ ಮಾತನ್ನು ಅರ್ಥವಾಗದ ಮೆಟ್ಟಿಲಿಗೆ ಇಳಿಸಿದ್ದೆ. ಅವರು ಬೇಕೆಂದೇ ಮಾಡಿದರು. ನಾನು ಗೊತ್ತಿಲ್ಲದೆ ಮಾಡಿದೆ. ವ್ಯಂಜನ ಅನ್ನೋದು ಅರ್ಧ ಗದ್ದಲವೇ ಅಂತ ಗೊತ್ತಿದ್ದವರು ಗದ್ದಲ ತೆಗೆಯೋಕೆ ಅವಸರ ಮಾಡಲ್ಲ.

94 ಯೂರೊ ಮತ್ತು ಆಮೇಲೆ

ಕೊನೆಗೆ ಡಿಟಿ 770ರ 80 ಓಮಿನದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಎಹ್ರೆನ್‌ಫೆಲ್ಡ್‌ನಲ್ಲಿ ಒಬ್ಬ ವಿದ್ಯಾರ್ಥಿ ಮಾರ್ತಿದ್ದ, 70 ಯೂರೊ. ಪ್ಯಾಡು ಸವೆದಿದ್ದವು, ಹೊಸದಕ್ಕೆ 24. ಹಾಕೋದು ಮೊದಲ ಸಲ ಅರ್ಧ ಗಂಟೆ ಹಿಡೀತು. ಅದೇ ಯಾಕೆ ಅಂದರೆ, ಕನ್ನಡಕದ ಮೇಲೆ ಎರಡು ಗಂಟೆ ಹಾಕಿಕೊಂಡರೂ ನನಗೆ ನೋಯಲಿಲ್ಲ. ಅಷ್ಟೇ ಕಾರಣ. ನಿಮ್ಮ ತಲೆಗೆ ಬೇರೆಯದು ಹೊಂದಬಹುದು. ಹೊಸದನ್ನು ಆನ್‌ಲೈನಿನಲ್ಲಿ ತರಿಸುವುದಾದರೆ ಇಲ್ಲಿ ವಾಪಸ್ ಮಾಡೋಕೆ ಕಾನೂನಿನ ಪ್ರಕಾರ 14 ದಿನ ಇದೆ. ಆ ದಿನಗಳಲ್ಲಿ ಹಾಡು ಕೇಳಿ ಕಳೆಯಬೇಡಿ, ಒಂದು ಇಡೀ ಕಂತು ಎಡಿಟ್ ಮಾಡಿ ನೋಡಿ.

ಯಾವ ಹೆಡ್‌ಫೋನೂ ಪೂರ್ತಿ ಸತ್ಯ ಹೇಳಲ್ಲ. ಒಳ್ಳೆಯದು ಅಂದರೆ, ಅದು ಎಲ್ಲಿ ಸುಳ್ಳು ಹೇಳುತ್ತೆ ಅಂತ ನಿಮಗೆ ಗೊತ್ತಿರುವಂಥದ್ದು. ನನ್ನದು ಸ ಅಕ್ಷರವನ್ನು ಹಿಗ್ಗಿಸಿ ಹೇಳುತ್ತೆ. ಗೊತ್ತಿರುವುದರಿಂದ ನಾನು ಸ ಮುಟ್ಟಲ್ಲ. ಒಂದು ತಿಂಗಳು ಅದರಲ್ಲೇ ರೇಡಿಯೊ ಕೇಳಿ, ಪಾಡ್‌ಕಾಸ್ಟ್ ಕೇಳಿ, ಮನೆಯವರ ದನಿ ಕೇಳಿ. ಆಮೇಲೆ ಕತ್ತರಿ ಹಿಡಿಯಿರಿ.

ಈಗ ನನ್ನ ಪದ್ಧತಿ ಹೀಗಿದೆ. ಮೂಲ ಕಡತ ಎರಡು ಕಡೆ ಉಳಿಸ್ತೀನಿ. ನಾಯ್ಸ್ ರಿಡಕ್ಷನ್ ಎಷ್ಟು ಬೇಕು ಅನ್ಸುತ್ತೋ ಅದರ ಅರ್ಧ ಹಾಕ್ತೀನಿ. ಈಕ್ವಲೈಜರಿನಲ್ಲಿ ಎರಡರಿಂದ ನಾಲ್ಕು ಸಾವಿರದ ನಡುವೆ ಕೈ ಹಾಕುವ ಮೊದಲು ನೀರು ಕುಡಿದು ಬರ್ತೀನಿ. ಮುಗಿದ ಮೇಲೆ ಅಡುಗೆಮನೆ ಸ್ಪೀಕರಿನಲ್ಲಿ, ಹತ್ತು ಯೂರೊ ಇಯರ್‌ಫೋನಿನಲ್ಲಿ, ಮತ್ತೆ ನನ್ನ ಹಳೇ ಬ್ಲೂಟೂತಿನಲ್ಲಿ ಕೇಳ್ತೀನಿ, ಯಾಕಂದ್ರೆ ನೀವು ಕೇಳೋದು ಅದರಲ್ಲೇ. ದನಿಯ ಮಟ್ಟ ಮೆಲ್ಲಗೆ ಇಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 75. ಕಿವಿಗೆ ಮಾತ್ರ ಬಿಡಿಭಾಗ ಸಿಗಲ್ಲ ನೋಡಿ.

ದೊಡ್ಡಮ್ಮನ ಮೂರು ಸಂಜೆಗಳಲ್ಲಿ ಎರಡರ ಮೂಲ ನನ್ನ ಬಳಿ ಇತ್ತು. ಅವನ್ನು ಮತ್ತೆ ಎಡಿಟ್ ಮಾಡಿದೆ. ಮೂರನೆಯದನ್ನು, ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ, ‘ಕಂತು ಹೇಗೂ ಆಯ್ತಲ್ಲ’ ಅಂತ ಅಳಿಸಿಬಿಟ್ಟಿದ್ದೆ. ಜನವರಿಯಲ್ಲಿ ಅವರಿಗೆ ಫೋನ್ ಮಾಡಿ, ಆ ಭಾಗ ಇನ್ನೊಂದು ಸಲ ಹೇಳ್ತೀರಾ ದೊಡ್ಡಮ್ಮ ಅಂದೆ. ಹೇಳಿದರು, ಪಾಪ. ಆದರೆ ಮೊದಲ ಸಲ ಹೇಳಿದ್ದ ಒಂದು ಸಂಗತಿ, ತಮ್ಮ ಮದುವೆಯ ದಿನ ಹುಳಿಗೆ ಉಪ್ಪು ಹಾಕೋದು ಮರೆತು ಅವರ ಅಪ್ಪ ಪಂಕ್ತಿಯಲ್ಲೆಲ್ಲ ಉಪ್ಪು ಬಡಿಸುತ್ತಾ ಓಡಾಡಿದ್ದು, ಈ ಸಲ ಬರಲಿಲ್ಲ. ನೆನಪು ಮಾಡಿದೆ. "ಹೌದಾ? ಅದನ್ನೂ ಹೇಳಿದ್ದೆನಾ?" ಅಂತ ನಕ್ಕರು, ಮುಂದೆ ಹೋದರು. ಆ ಕಥೆ ಈಗ ಇರುವುದು ಆ ಕೆಟ್ಟ ಕಂತಿನಲ್ಲಿ ಮಾತ್ರ, ಹಲ್ಲು ಸೆಟ್ಟು ತೆಗೆದ ದನಿಯಲ್ಲಿ. ಅದನ್ನು ತೆಗೆಯದೆ ಹಾಗೇ ಇಟ್ಟಿದ್ದೀನಿ.

ಸರಿ ಮಾಡಿದ ಕಂತನ್ನು ಫೆಬ್ರವರಿಯ ಒಂದು ಶನಿವಾರ ಮಕ್ಕಳಿಗೆ ಕೇಳಿಸಿದೆ. ಹಿಂದೆ ಸಣ್ಣಗೆ ಮಳೆ ಇತ್ತು, ಪೂರ್ತಿ ತೆಗೆದಿರಲಿಲ್ಲ. ಹುಳಿಯ ಜಾಗ ಬಂದಾಗ ನಾನು ಆ ಹುಡುಗಿಯ ಮುಖವನ್ನೇ ನೋಡ್ತಿದ್ದೆ. ಅವಳು ಏನೂ ಹೇಳಲಿಲ್ಲ. ತುಟಿ ಮಾತ್ರ ಅಲ್ಲಾಡಿತು, ಒಳಗೊಳಗೇ ಏನೋ ಹೇಳಿ ನೋಡಿಕೊಂಡ ಹಾಗೆ. ಕಂತು ಮುಗಿದ ಮೇಲೆ ಕೇಳಿದಳು:

"ಮಾಮಾ, ಅಜ್ಜಿ ಮಾತಾಡುವಾಗ ಅಲ್ಲಿ ಮಳೆ ಬರ್ತಿತ್ತಾ?"

ಆ ಮಳೆಯ ಳ ಅರ್ಧ ಳ, ಅರ್ಧ ಲ. ಪರವಾಗಿಲ್ಲ. ಹೌದು ಪುಟ್ಟಿ, ಜೋರು ಮಳೆ ಬರ್ತಿತ್ತು ಅಂದೆ.